ಸಗರನಾಡಿನ ದಾರಿಯಲ್ಲಿ ಮುಂಬರುವ ರಥ

ಸಗರನಾಡೆಂದು ಹೆಸರಾದ ಸೀಮೆಯನ್ನು ನೋಡಬಯಸುವವರು ಯಾದಗಿರಿಯಲ್ಲಿ ರೈಲಿನಿಂದ ಇಳಿಯುವುದು ಅನುಕೂಲ. ಮುಂಬಯಿಯ ಕಡೆಯಿಂದ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಗಳನ್ನು ಕೂಡಿಕೊಂಡ ಕಾಲದಿಂದಲೂ ಈ ಊರಿಗೆ ದೂರದೇಶದ ಸಂಪರ್ಕವುಂಟು. ದುರ್ಗವನ್ನು ಹೊತ್ತ ಬಂಡೆಗುಡ್ಡವು ಊರ ಮೇಲೆ ಕಾವಲಿಗೆ ಕುಳಿತಂತಿದೆ. ಯಾದವರ ಗಿರಿಯೇ ಯಾದಗಿರಿಯಾಯಿತೆಂದು ಹಿರಿಯರು ಹೇಳುವರು. ಸಮೀಪದ ಕಡೇಚೂರಿನಲ್ಲಿ ಈಗ ರೈಲುಬಂಡಿಯ ಬೋಗಿಗಳನ್ನು, ಎಂದರೆ ಗಾಲಿಗಳನ್ನು ಹಿಡಿದಿಡುವ ಉಕ್ಕಿನ ಚೌಕಟ್ಟುಗಳನ್ನು, ಮಾಡುವ ಕಾರ್ಖಾನೆಯೂ ಇದೆ. ಆದುದರಿಂದ ಈ ಸೀಮೆಯವರು ಗಾಲಿಯ ವಿಷಯವನ್ನು ಮಾತನಾಡಿದರೆ ಯಾರೂ ನಗಬೇಕಾಗಿಲ್ಲ.

ಇಲ್ಲಿಂದ ಭೀಮೆಯನ್ನು ದಾಟಿ, ಶಹಾಪುರದ ಮೂಲಕ ಸುರಪುರಕ್ಕೆ ಹೋಗುವ ದಾರಿ ಸುಮಾರು 55 ಕಿಲೋಮೀಟರು. ಕೋಟೆಗಳ ಮಾತನ್ನು ಬಲ್ಲವರು ಬರೆದಿದ್ದಾರೆ. ನಾನು ಈಗ ವಾಚಕರ ಮುಂದಿಡಬೇಕೆಂದಿರುವುದು ಈ ದಾರಿಯಲ್ಲಿ ಕೇಳಿದ ಒಂದು ವಾದವನ್ನು. ವಾದದ ವಸ್ತುವೋ, ಸಗರನಾಡಿಗೆ ಮಾತ್ರವಲ್ಲ, ಯಾವ ನಾಡಿಗೂ ಇನ್ನೂ ಬಾರದಿರುವ ಒಂದು ಮೋಟಾರು ರಥ!

ಸುರಪುರದಲ್ಲಿ ಟ್ರ್ಯಾಕ್ಟರು ರಿಪೇರಿಯ ಗ್ಯಾರೇಜನ್ನು ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನು ಬಿಡಿಭಾಗಗಳನ್ನು ಕೊಳ್ಳುವುದಕ್ಕಾಗಿ ಯಾದಗಿರಿಗೆ ಬಂದಿದ್ದವನು, ನನ್ನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡನು. ಹಿಂದಿನ ಆಸನದಲ್ಲಿ ಅವನ ಮಗನೂ ಆತನ ಗೆಳೆಯನೂ ಇದ್ದರು. ಮಗನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ತಂದೆಯು ಹೊರಡುವ ಮುನ್ನವೇ ನನ್ನನ್ನು ಪಕ್ಕಕ್ಕೆ ಕರೆದು, “ಸರ್, ದಾರಿಯಾಗ ನೀವಾರ ಇವನಿಗೆ ನಾಕು ಬುದ್ಧಿ ಹೇಳ್ರಿ. ಕಡೇಚೂರಿನಾಗ ಒಂದು ಕೆಲಸ ನೋಡಿಕೋ, ಇಲ್ಲಾ ಗ್ಯಾರೇಜಿಗೆ ಕೂಡು ಅಂದ್ರ ಕೇಳವಲ್ಲ. ಕಾರಿನ ಚಿತ್ರಾ ತೆಗೀತಾನ,” ಎಂದು ಬೇಡಿಕೊಂಡಿದ್ದನು. ಭೀಮೆಯ ಸೇತುವೆಯನ್ನು ದಾಟುವಷ್ಟರಲ್ಲಿಯೇ ಹಿಂದಿನ ಆಸನದಲ್ಲಿ ಕಲಹವು ಆರಂಭವಾಗಿತ್ತು.

“ಎಂಜಿನ್ ಹಿಂದ ಇಲ್ಲದಿದ್ರ ಅದು ನೈನ್ ಇಲೆವೆನ್ ಅಲ್ಲೋ!”

“ಬ್ಯಾಟರಿ ಬಂದಮ್ಯಾಲ ಹಿಂದೇನು, ಮುಂದೇನು? ಎಲ್ಲಾ ನೆಲದಾಗೇ ಇರ್ತದ.”

ವಿಚಾರಿಸಲಾಗಿ ತಿಳಿದುದೇನೆಂದರೆ, ಜರ್ಮನಿಯ ಪೋರ್ಷೆ ಎಂಬ ಕಾರ್ಖಾನೆಯವರು 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಒಂದು ಕ್ರೀಡಾರಥವನ್ನು ಇಟ್ಟರು. ಅದಕ್ಕೆ 901 ಎಂದು ಹೆಸರಿಟ್ಟಿದ್ದರು. ನಡುವೆ ಸೊನ್ನೆಯುಳ್ಳ ಅಂಕೆಗಳು ತಮಗೆ ಸೇರಿದುವೆಂದು ಫ್ರಾನ್ಸಿನ ಪ್ಯೂಜೊದವರು ಆಕ್ಷೇಪಿಸಲು, ಅದು 911 ಆಯಿತು. ಕುದುರೆಯು ಬಂಡಿಯ ಮುಂದಿರಬೇಕೆಂಬುದು ಲೋಕರೂಢಿಯಷ್ಟೆ. ಈ ರಥದಲ್ಲಿ ಎಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದೆ ಕುಳಿತಿದೆ. ತಿರುವಿನಲ್ಲಿ ಆ ಭಾರವು ಬಾಲವನ್ನು ಹೊರಕ್ಕೆಳೆಯುವುದರಿಂದ ಇದು ದೋಷವೆಂದು ಬಲ್ಲವರು ಮೊದಲಿನಿಂದಲೂ ಹೇಳಿದರು. ಕಾರ್ಖಾನೆಯವರಾದರೋ ದೋಷವನ್ನು ಬಿಡದೆ ಅದನ್ನೇ ತಿದ್ದುತ್ತ ಎಂಟು ತಲೆಮಾರುಗಳನ್ನು ತಂದರು. ಗಾಳಿಯಿಂದ ತಂಪಾಗುತ್ತಿದ್ದ ಎಂಜಿನ್ನನ್ನು 1998ರ ಹೊತ್ತಿಗೆ ಪೂರ್ತಿಯಾಗಿ ಕೈಬಿಟ್ಟು ನೀರಿನದನ್ನು ಇಟ್ಟಾಗ ಭಕ್ತರು ಶೋಕಿಸಿದರು. ಅದೇ ವೇಳೆ ದುಂಡಗಿದ್ದ ದೀಪಗಳ ಆಕಾರವನ್ನು ಕೆಡಿಸಿದಾಗ ಆದ ಗಲಾಟೆಯು ಇನ್ನೂ ಹೆಚ್ಚಿನದು. 2004ರ ತಲೆಮಾರಿನಲ್ಲಿ ದೀಪಗಳು ಮತ್ತೆ ದುಂಡಗಾದುವು. 2024ರಲ್ಲಿ ಒಂದು ಬಗೆಯ 911ಕ್ಕೆ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಬಂದಿತು. ಇನ್ನು ಮುಂದಿನದು ಹೇಗಿದ್ದೀತು? ಇದೇ ಹುಡುಗರ ತಲೆಬಿಸಿ.

ಕೋಟಿ ರೂಪಾಯಿಗೂ ಮೀರಿದ ಬೆಲೆಯ, ಹೊಟ್ಟೆಗೂ ನೆಲಕ್ಕೂ ಅರ್ಧ ಗೇಣಿನ ಅಂತರವುಳ್ಳ ಆ ಬಂಡಿಯು ಈ ದಾರಿಯ ಮೊದಲನೆಯ ಹಂಪಿನಲ್ಲಿಯೇ ಹೊಟ್ಟೆ ಉಜ್ಜಿಕೊಂಡೀತು. ಆದರೂ ಸಗರನಾಡಿನ ಇಬ್ಬರು ತರುಣರು ಅದರ ಜಾತಕವನ್ನು ಬರೆಯುತ್ತಿದ್ದರು! ನಗುವೇ ಬಂದಿತೆನ್ನಿ. ಆದರೆ ಅವರ ವಾದದ ರೀತಿಯನ್ನು ಸ್ವಲ್ಪ ಕೇಳಲಾಗಿ ನಗುವು ನಿಂತಿತು.

ಹೊಸ ಬಂಡಿಯನ್ನು ಪರೀಕ್ಷಿಸುವುದಕ್ಕಾಗಿ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನಲ್ಲಿ, ಒಂದು ಸುತ್ತಿಗೆ 20 ಕಿಲೋಮೀಟರಿಗೂ ಮಿಕ್ಕಿದ ಹಾದಿಯಲ್ಲಿ, ಓಡಿಸುತ್ತಾರಂತೆ. ಮೈಗೆರೆಗಳು ತಿಳಿಯಬಾರದೆಂದು ಸುಳಿಸುಳಿಯಾದ ಚಿತ್ರಗಳ ಹಾಳೆಯನ್ನು ಮೇಲೆಲ್ಲ ಅಂಟಿಸಿರುತ್ತಾರೆ. ಬೇಲಿಯಾಚೆ ಕಾದು ನಿಂತವರು ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳನ್ನು ಸುರಪುರದಲ್ಲಿ ಕುಳಿತು ಇವರು ಪರಿಶೀಲಿಸುತ್ತಾರೆ. ಗೆಳೆಯನು ತನ್ನ ಫೋನಿನಲ್ಲಿ ಅಂಥದೊಂದನ್ನು ತೋರಿಸಿ, “ಹಿಂದ ಹೊಗಿ ಕೊಳವಿನೇ ಕಾಣಂಗಿಲ್ಲ. ಅಂದ್ರ ಎಂಜಿನ್ ಇಲ್ಲ!” ಎಂದು ತೀರ್ಪಿತ್ತನು.

ತರ್ಕಸಂಗ್ರಹವನ್ನು ಮುಟ್ಟಿದವನು ಇಲ್ಲಿ ಸುಮ್ಮನಿರುವುದುಂಟೆ? ಗುಡ್ಡದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನಪ್ರಮಾಣ. ಇದು ನಮ್ಮ ಪಾಠಶಾಲೆಯ ಮೊದಲ ಉದಾಹರಣೆ. ಆದರೆ ಹೊಗೆಯಿಲ್ಲವೆಂದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನಲಾಗದು. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ನಾನು ಇಷ್ಟನ್ನು ಹೇಳುವಷ್ಟರಲ್ಲಿ ಶಿಷ್ಯನ ಮಗನು ಮುಂದಕ್ಕೆ ಬಾಗಿ, “ಇನ್ನೂ ಒಂದದರೀ ಸರ್. ಟೈಕಾನ್ ಅಂತ ಅದೇ ಕಂಪನಿದು ಬ್ಯಾಟರಿ ಕಾರು. 2019ರಾಗ ಹೊರಗ ಬರೂಕಿಂತ ಮೊದಲು ಪರೀಕ್ಷೆಕ್ಕ ಓಡಸೂಮುಂದ ಅದಕ್ಕ ಸುಳ್ಳ ಹೊಗಿ ಕೊಳವಿ ಹಚ್ಚಿದ್ರು,” ಎಂದನು. ಇದು ಮಂಜನ್ನು ಹೊಗೆಯೆಂದು ಭ್ರಮಿಸಿದವನ ಕಥೆ! ನಮ್ಮ ನೈಯಾಯಿಕರು ಭ್ರಾಂತಿಯನ್ನು ಹೇಳಿದರು. ಪರರನ್ನು ಭ್ರಾಂತಿಗೆ ಕೆಡಹುವುದಕ್ಕಾಗಿ ಗುಡ್ಡದ ಮೇಲೆ ಮಂಜನ್ನು ತಂದು ಸುರಿಯುವ ವ್ಯಾಪಾರಿಗಳನ್ನು ಅವರು ಕಂಡಿರಲಿಲ್ಲ. “ಹಾಗಾದರೆ ನೀನು ಯಾವುದನ್ನು ನಂಬುತ್ತೀ?” ಎಂದು ಕೇಳಿದೆನು. ಕೊಳವೆಯನ್ನು ಅಂಟಿಸಬಹುದು, ಕಿತ್ತಿಡಬಹುದು. ಆದರೆ ಗಾಲಿಗಳ ನಡುವಣ ಅಂತರ, ಆಸನದ ಎತ್ತರ, ಚಾವಣಿಯ ಇಳಿಜಾರು ಇವನ್ನು ಬಚ್ಚಿಡಲಾಗದು. ಬ್ಯಾಟರಿಯು ನೆಲದಲ್ಲಿದ್ದರೆ ಕೂರುವವನು ಮೇಲೇರಲೇಬೇಕು, ಅವನೊಡನೆ ಚಾವಣಿಯೂ ಏರಬೇಕು. ಇದು ಅವನ ಉತ್ತರದ ಸಾರ. ನಾನು ಮರುಮಾತಾಡಲಿಲ್ಲ. ಶಿಷ್ಯನು ಕನ್ನಡಿಯಲ್ಲಿ ಮಗನನ್ನೊಮ್ಮೆ ನೋಡಿ ಗೇರು ಬದಲಾಯಿಸಿದನು.

ಅಷ್ಟರಲ್ಲಿ ಶಹಾಪುರದ ಬೆಟ್ಟಸಾಲು ಕಾಣಿಸಿತು. ಅದರಲ್ಲೊಂದು ಭಾಗವು ಬುದ್ಧನು ಅಂಗಾತ ಮಲಗಿರುವಂತೆ ತೋರುತ್ತದೆಂಬುದು ಪ್ರಸಿದ್ಧವಾಗಿದೆ: ಹಣೆ, ಮೂಗು, ತುಟಿ, ಎದೆ, ಎಲ್ಲವೂ ಆಕಾಶಕ್ಕೆ ಕೊರೆದಂತೆ. ಆದರೆ ತಕ್ಕ ಎಡೆಯಲ್ಲಿ ನಿಂತವನಿಗೆ ಮಾತ್ರ ಈ ದರ್ಶನ. ಕೊಂಚ ಮುಂದಕ್ಕೆ ಸರಿದರೆ ಮುಖವು ಕರಗಿ ಬರಿಯ ಬಂಡೆಗಳಾಗುವುವು. ಬಂಡಿಯನ್ನು ನಿಲ್ಲಿಸಿ ಎಲ್ಲರೂ ಇಳಿದು ನೋಡಿದೆವು. ಊರಿನಲ್ಲಿ ಚಹಾ ಕುಡಿದು, ಕೃಷ್ಣಾ ಯೋಜನೆಯ ವಸತಿಯಾದ ಭೀಮರಾಯನಗುಡಿಯ ಮಾತನ್ನಾಡುತ್ತ ಮುಂದುವರಿದೆವು. ಒಂದು ಕಾಲಕ್ಕೆ ಜೋಳವೇ ಸರ್ವಸ್ವವಾಗಿದ್ದ ಈ ಎರೆನೆಲದಲ್ಲಿ ನಾರಾಯಣಪುರದ ಎಡದಂಡೆಯ ಕಾಲುವೆಯ ನೀರಿನಿಂದ ಬತ್ತದ ಗದ್ದೆಗಳು ಎದ್ದಿವೆ. ಟ್ರ್ಯಾಕ್ಟರಿನ ಗ್ಯಾರೇಜುಗಳಿಗೂ ಆ ನೀರೇ ಮೂಲವೆಂದು ಶಿಷ್ಯನು ಹೇಳಿದನು.

ಋಭುಗಳೆಂಬ ದೇವಶಿಲ್ಪಿಗಳು ಅಶ್ವಿನೀದೇವತೆಗಳಿಗೆ ಕುದುರೆಯಿಲ್ಲದ, ಕಡಿವಾಣವಿಲ್ಲದ, ಮೂರು ಗಾಲಿಯ ರಥವನ್ನು ಮಾಡಿಕೊಟ್ಟರೆಂಬುದು ಋಗ್ವೇದದಲ್ಲಿದೆ. ಇದರಿಂದ ಪೂರ್ವಜರಿಗೆ ಮೋಟಾರು ಗೊತ್ತಿತ್ತೆಂದು ಸಾಧಿಸಹೊರಡುವವರ ಗುಂಪಿಗೆ ನಾನು ಸೇರಿದವನಲ್ಲ. ಬಾರದ ರಥವನ್ನು ಮನಸ್ಸಿನಲ್ಲಿ ಮೊದಲು ಕಾಣುವ ಹವ್ಯಾಸವು ಬಹು ಹಳೆಯದೆಂದಷ್ಟೇ ನನ್ನ ತಾತ್ಪರ್ಯ. ಇದನ್ನು ಹೇಳಿದಾಗ ಹುಡುಗನು, “ನಮ್ಮ ಬೆಂಗಳೂರಾಗೂ ಹಂಗ ಒಂದು ಕಂಡಿದ್ರು, ಸರ್,” ಎಂದು ರೇವಾದ ಕಥೆಯನ್ನು ತೆಗೆದನು.

ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಅನೇಕ ವಾಚಕರು ಕಂಡಿರಬಹುದು. ಚೇತನ್ ಮೈನಿಯವರು ಮುಂದಾಗಿ ಬೆಂಗಳೂರಿನಲ್ಲಿ ತಯಾರಿಸಿದ ಇದು 2001ರಲ್ಲಿ ಬೀದಿಗೆ ಬಂದಿತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಘಂಟೆಗೆ 80 ಕಿಲೋಮೀಟರು ಅದರ ಮೇರೆ. ಅದನ್ನು ಆಟಿಕೆಯೆಂದು ಹಾಸ್ಯ ಮಾಡಿದವರಿಗೆ ಲೆಕ್ಕವಿಲ್ಲ. ಅದೇ ಕಂಪನಿಯವರು 2009ರಲ್ಲಿ ಎರಡು ಹೊಸ ಬಂಡಿಗಳನ್ನು ಪ್ರದರ್ಶಿಸಿದರು; ಎಲ್ಲಿ ಎಂದರೆ, 911 ಹುಟ್ಟಿದ ಅದೇ ಫ್ರಾಂಕ್‌ಫರ್ಟಿನಲ್ಲಿ! ಒಂದು ಸಂಸಾರಸ್ಥರದು. ಇನ್ನೊಂದು ಎನ್‌ಎಕ್ಸ್‌ಜಿ ಎಂಬ ಎರಡೇ ಆಸನಗಳ ಕ್ರೀಡಾರಥ, ದಿಲೀಪ್ ಛಾಬ್ರಿಯಾ ಅವರ ವಿನ್ಯಾಸ. ಒಮ್ಮೆ ವಿದ್ಯುತ್ತು ತುಂಬಿದರೆ 200 ಕಿಲೋಮೀಟರು, ಘಂಟೆಗೆ 130 ಕಿಲೋಮೀಟರು ವೇಗ ಎಂದು ಸಾರಿದರು. 2011ರಲ್ಲಿ ಬರುವುದೆಂದರು. ಆದರೆ 2010ರಲ್ಲಿ ಮಹೀಂದ್ರದವರು ಕಂಪನಿಯ ಹೆಚ್ಚಿನ ಪಾಲನ್ನು ಕೊಂಡರು. ಸಂಸಾರಸ್ಥರ ಬಂಡಿಯು ರೂಪಾಂತರ ಹೊಂದಿ 2013ರಲ್ಲಿ ಇ2ಒ ಎಂದು ಹೊರಬಂದಿತು, ಕೆಲವು ವರ್ಷಗಳಲ್ಲಿ ನಿಂತೂ ಹೋಯಿತು. ಕ್ರೀಡಾರಥವು ಬರಲೇ ಇಲ್ಲ. ಪರದೇಶದ ಬಂಡಿಯ ಒಂಬತ್ತನೆಯ ತಲೆಮಾರನ್ನು ಊಹಿಸುವ ನಮ್ಮ ಮಕ್ಕಳಿಗೆ ಸ್ವದೇಶದ ಬಂಡಿಯ ಎರಡನೆಯ ತಲೆಮಾರನ್ನು ಕಾಣುವ ಯೋಗವಿರಲಿಲ್ಲವೆಂದು ನನಗೆ ಖೇದವಾಯಿತು. ಹುಡುಗನಿಗೆ ಅಂಥ ಖೇದವೇನೂ ಕಾಣಲಿಲ್ಲ. ಅವನು ಒಂದು ನೋಟುಬುಕ್ಕನ್ನು ನನ್ನ ಕೈಗಿತ್ತನು.

ಅದರಲ್ಲಿದ್ದುದು ಪೋರ್ಷೆಯಲ್ಲ. ಎರಡು ಆಸನ, ಹಿಂದೆ ಮೋಟಾರು, ನೆಲದಲ್ಲಿ ಬ್ಯಾಟರಿ. ನೆಲಕ್ಕೂ ಹೊಟ್ಟೆಗೂ ಪೂರಾ ಒಂದು ಗೇಣು. ಪಕ್ಕದಲ್ಲಿ ಅಳತೆಗಳನ್ನೆಲ್ಲ ಮಿಲಿಮೀಟರಿನಲ್ಲಿ ಬರೆದಿದ್ದನು. ಎತ್ತರ ಹೆಚ್ಚಿದರೆ ತಿರುವಿನಲ್ಲಿ ಮಗ್ಗುಲಾಗುವ ಭಯವಲ್ಲವೆ ಎಂದು ಕೇಳಿದ್ದಕ್ಕೆ, ಭಾರವಾದ ಬ್ಯಾಟರಿಯೇ ತಳದಲ್ಲಿರುವುದರಿಂದ ಅದನ್ನು ಸರಿದೂಗಿಸಬಹುದೆಂದು ವಿವರಿಸಿದನು. ಶಹಾಪುರದಿಂದ ಸುರಪುರದವರೆಗಿನ ಹಂಪುಗಳ ಎತ್ತರವನ್ನು ಅಳೆದು ಹಿಂದಿನ ಪುಟದಲ್ಲಿ ಪಟ್ಟಿ ಮಾಡಿದ್ದುದನ್ನು ಕಂಡು ನನಗೆ ಪರಮಾಶ್ಚರ್ಯವಾಯಿತು. ಈ ಹುಡುಗನನ್ನು ಸೋಮಾರಿಯೆನ್ನುವುದು ಹೇಗೆ?

ಗುಡ್ಡಗಳ ನಡುವಿನ ಸುರಪುರವನ್ನು ಸೇರುವಾಗ ಹೊತ್ತು ಇಳಿದಿತ್ತು. ಇಲ್ಲಿಂದ ಮುಂದೆ ಹುಣಸಗಿಯ ಕಡೆಗೆ ಹೋದರೆ ಇಸಾಂಪುರವೆಂಬ ಊರು. ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಲ್ಲಿ ಅಗೆದು, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಸ್ಥಳವನ್ನು ಹೊರಗೆಡಹಿದರು. ಕಾಲವು ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಎಣಿಕೆ. ಆ ಕೊಡಲಿಯ ಆಕಾರವು ಲಕ್ಷಾಂತರ ವರ್ಷ ಹೆಚ್ಚು ಬದಲಾಗಲಿಲ್ಲವಂತೆ. ಏಳೆಂಟು ವರ್ಷಕ್ಕೊಂದು ತಲೆಮಾರು ಬದಲಾಗುವ ಬಂಡಿಗಳ ಮಾತನ್ನು ಕೇಳಿ ಬಂದವನಿಗೆ ಇದು ಎಂಥ ದೀರ್ಘ ನಿದ್ರೆಯಂತೆ ತೋರುತ್ತದೆ!

ಗ್ಯಾರೇಜಿನಲ್ಲಿ ಸಾಮಾನನ್ನು ಇಳಿಸಿ, ಟೇಲರ್ ಮಂಜಿಲಿನ ಗುಡ್ಡಕ್ಕೆ ಹೋದೆವು. ಮೆಡೋಸ್ ಟೇಲರನು 1841ರಲ್ಲಿ ಈ ಸಂಸ್ಥಾನಕ್ಕೆ ಅಧಿಕಾರಿಯಾಗಿ ಬಂದು 1853ರವರೆಗೆ ಇದ್ದವನು. ಬಾಲಕರಾಗಿದ್ದ ರಾಜಾ ವೆಂಕಟಪ್ಪ ನಾಯಕರು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದರು. ಮೇಲೆ ನಿಂತು ಊರನ್ನು ನೋಡುತ್ತಿರುವಾಗ ಶಿಷ್ಯನು ಬಹಳ ಹೊತ್ತಿನಿಂದ ತಡೆದಿಟ್ಟಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟನು: “ನಿಮಗೇನನಸ್ತದ ಸರ್? ಇವ ಮುಂದ ಏನಾರ ಆದಾನೇನು?”

ಈ ಸ್ಥಳದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ರಾಜರು 24ನೆಯ ವಯಸ್ಸನ್ನು ದಾಟುವುದಿಲ್ಲವೆಂದು ಜಾತಕ ಬರೆದವರು ಹೇಳಿದ್ದರಂತೆ. ಇದನ್ನು ರಾಣಿಯವರಿಂದ ಕೇಳಿದ ಟೇಲರನು ನಂಬದೆ, ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. 1858ರಲ್ಲಿ ಬಂಡಾಯವೆದ್ದು ಸೆರೆಸಿಕ್ಕಿದ ರಾಜರಿಗೆ ವಿಧಿಸಿದ್ದ ಮರಣದಂಡನೆಯು ಕಡಿಮೆಯಾದಾಗ, ಭವಿಷ್ಯವು ಸುಳ್ಳಾಯಿತೆಂದೇ ಅವನು ಭಾವಿಸಿದನು. ಸೆರೆಯೂರಿಗೆ ಕರೆದೊಯ್ಯುವ ದಾರಿಯಲ್ಲಿ ಅವರು ಪಿಸ್ತೂಲಿನ ಗುಂಡಿನಿಂದ ಮೃತಪಟ್ಟರು. ಅದು ಹೇಗಾಯಿತೆಂಬುದನ್ನು ಈ ಸೀಮೆಯ ಜನರು ಇಂದಿಗೂ ಬೇರೆ ಬೇರೆಯಾಗಿ ಹೇಳುವರು. ಬಂಡಿಯ ಭವಿಷ್ಯವನ್ನು ಹೇಳಿದರೆ, ಸುಳ್ಳಾದರೂ ಯಾರಿಗೂ ಹಾನಿಯಿಲ್ಲ. ಮಗನದು ಹಾಗಲ್ಲ.

“ಮುಂದೆ ಏನಾಗುವನೆಂದು ನನ್ನನ್ನು ಕೇಳಬೇಡ. ಇಂದು ಏನು ಮಾಡುತ್ತಿದ್ದಾನೆಂಬುದನ್ನು ನೀನು ನೋಡಿಲ್ಲ,” ಎಂದು ಹೇಳಿ ನೋಟುಬುಕ್ಕನ್ನು ಅವನಿಗೆ ಕೊಟ್ಟೆನು. ಅವನು ಎಣ್ಣೆಯ ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡು ಪುಟ ತಿರುಗಿಸಿದನು. ಚಿತ್ರಗಳನ್ನು ಬೇಗ ದಾಟಿದನು. ಹಂಪುಗಳ ಪಟ್ಟಿಯ ಬಳಿ ನಿಂತನು. “ಆ ಹಳ್ಳದ ಹತ್ರಿಂದು ಇದಕ್ಕಿಂತ ಎತ್ತರ ಅದ,” ಎಂದನು. “ಮೊನ್ನೆ ಡಾಂಬರು ಹಾಕಿದಮ್ಯಾಲ ಕಡಿಮಿ ಆಗೇದಪ್ಪಾ,” ಎಂದನು ಮಗ. ಡಿಪ್ಲೊಮಾ ಆದವರಿಗೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಪ್ರವೇಶವುಂಟೆಂದೂ, ಅದಾದ ಮೇಲೆ ಗಾಂಧಿನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವಾಹನಗಳ ವಿನ್ಯಾಸವನ್ನೇ ಕಲಿಸುವರೆಂದೂ, ಅದಕ್ಕೆ ಪರೀಕ್ಷೆಯಲ್ಲಿ ಗೆಲ್ಲಬೇಕೆಂದೂ ಹುಡುಗನು ಅಳುಕುತ್ತ ಹೇಳಿದನು. ರಜೆಯಲ್ಲೆಲ್ಲ ಗ್ಯಾರೇಜಿನಲ್ಲಿ ದುಡಿಯುವೆನೆಂದೂ ಸೇರಿಸಿದನು.

ತಂದೆಯು ಪುಸ್ತಕವನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡನು. ಕೆಳಗೆ ಊರಿನಲ್ಲಿ ದೀಪಗಳು ಹತ್ತುತ್ತಿದ್ದುವು.

“ವರ್ಷಕ್ಕ ಫೀ ಎಷ್ಟಾಗ್ತದ ಕೇಳೀಯೇನು?” ಎಂದನು.