ಬೆಲ್ಲ ಹಾಕಿದ ಒಣಖಂಡ

ನಮ್ಮ ಉಮರ್ಗಾ ಭಾಗದಲ್ಲಿ ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ಪದ್ಧತಿ. ಚಹಾ ಬಂದ ಮೇಲೆ ಅದು ಕಡಿಮೆಯಾಗಿದೆ, ಆದರೂ ಹಳ್ಳಿಗಳಲ್ಲಿ ಇನ್ನೂ ಇದೆ. ಒಣಖಂಡದ ಮಾತು ಮಾತ್ರ ಉಲ್ಟಾ. ಅತಿಥಿಗಳು ಬರುತ್ತಾರೆ ಅಂದ ಕೂಡಲೇ ಅದು ಅಂಗಳದಿಂದ ಒಳಗೆ ಹೋಗುತ್ತದೆ!

ಒಣಖಂಡ ಅಂದರೆ ಉಪ್ಪು ಹಚ್ಚಿ ಬಿಸಿಲಿಗೆ ಒಣಗಿಸಿದ ಮಾಂಸ. ಮರಾಠಿಯಲ್ಲಿ ಚಾನ್ಯಾ. ಉದ್ಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವಲ್ಲ, ಹಾಗಾಗಿ ಈ ಕಡೆ ಒಂದೇ ಮನೆಯಲ್ಲಿ ಎರಡೂ ಹೆಸರು ನಡೆಯುತ್ತವೆ. ಮೈಸೂರು ಕಡೆಯವರು ಕೊರಬಾಡು ಅನ್ನುತ್ತಾರೆ. ಮಾಂಸ ಸಿಕ್ಕ ದಿನ ಹೆಚ್ಚಾಗಿ ಸಿಕ್ಕು, ಮುಂದೆ ಎಷ್ಟೋ ದಿನ ಏನೂ ಸಿಗದ ಕೇರಿಗಳ ಜಾಣತನ ಇದು. ಮರಾಠವಾಡದವರೇ ಆದ ಶಾಹು ಪಾಟೋಳೆ ಅವರು 2015ರಲ್ಲಿ ಮರಾಠಿಯಲ್ಲಿ ತಂದ 'ಅನ್ನ ಹೇ ಅಪೂರ್ಣಬ್ರಹ್ಮ' ಪುಸ್ತಕ ದಲಿತರ ಇಂಥ ಅಡುಗೆಗಳ ಕುರಿತೇ ಇದೆ. 2024ರಲ್ಲಿ ಇಂಗ್ಲಿಷಿಗೂ ಬಂತು. ಅದೇ 2015ರಲ್ಲಿ ಮಹಾರಾಷ್ಟ್ರದಲ್ಲಿ ಎತ್ತು, ಹೋರಿಗಳ ವಧೆಗೂ ನಿಷೇಧ ಬಂತು. ನಮ್ಮ ಮನೆಯಲ್ಲಿ ಮಾಡುವುದು ಆಡಿನ ಮಾಂಸದ್ದು.

ಒಂದು ಮೇ ತಿಂಗಳು ಆಳಂದ ಕಡೆಯಿಂದ ಇಬ್ಬರು ಶಿಕ್ಷಕಿಯರು ನಮ್ಮ ಮನೆಗೆ ಬರುವವರಿದ್ದರು. ನಮ್ಮ ಯಜಮಾನರು, "ಹಗ್ಗ ಒಳಗ ತಗೀರಿ, ಮಂದಿ ಬರ್ತಾರ" ಅಂದರು. ಅತ್ತೆ ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ, "ಯಾಕೋ? ಕದ್ದು ತಂದೀವೇನು?" ಅಂದರು. ಹಗ್ಗ ಅಲ್ಲೇ ಉಳಿಯಿತು. ಬರುವವರು ಮಾಂಸ ತಿನ್ನುವವರೇ ಅಂತ ನನಗೆ ಗೊತ್ತಿತ್ತು. ಆದರೆ ಮಾಂಸ ತಿನ್ನುವವರೆಲ್ಲ ಒಣಖಂಡ ತಿನ್ನುವುದಿಲ್ಲ, ಅದನ್ನು ನೋಡಿ ಕೇರಿಯ ಲೆಕ್ಕ ಹಾಕುವವರೂ ಇದ್ದಾರೆ.

ಮಾಡುವುದು ಸುಲಭ. ಒಂದು ಕಿಲೋ ಎಲುಬಿಲ್ಲದ ಮಾಂಸದ ಕೊಬ್ಬು ತೆಗೆದುಬಿಡಿ, ಕೊಬ್ಬು ಉಳಿದರೆ ಮುಗ್ಗಲು ವಾಸನೆ ಬರುತ್ತದೆ. ತೆಳ್ಳಗೆ, ಉದ್ದುದ್ದ ಸೀಳಿ. 50 ಗ್ರಾಂ ಉಪ್ಪು, ಒಂದು ಚಮಚ ಅರಿಶಿಣ ಹಚ್ಚಿ ಒಂದು ತಾಸು ಇಟ್ಟರೆ ನೀರು ಬಿಡುತ್ತದೆ. ಅದನ್ನು ಚೆಲ್ಲಿ, ಹಗ್ಗಕ್ಕೆ ಹಾಕಿ, ಮೇಲೆ ತೆಳು ಬಟ್ಟೆ. ನಮ್ಮ ಬೇಸಿಗೆಗೆ ಮೂರ್ನಾಲ್ಕು ದಿನ ಸಾಕು. ರಾತ್ರಿ ಒಳಗೆ ತರಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಮಾಂಸದ ಮುಕ್ಕಾಲು ಪಾಲು ನೀರೇ ಇರುವುದರಿಂದ ಕಿಲೋ ಹೋಗಿ ಮುನ್ನೂರು ಗ್ರಾಂ ಸುಮಾರು ಆಗುತ್ತದೆ. ಮುರಿದರೆ ಕಟ್ ಅನ್ನಬೇಕು.

ತಿನ್ನುವ ದಿನ ಒಂದು ಹಿಡಿ ತೆಗೆದು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ಕಲ್ಲಿನ ಮೇಲೆ ಜಜ್ಜಿ ಎಳೆ ಎಳೆ ಮಾಡಿ. ಶೇಂಗಾ ಎಣ್ಣೆಯಲ್ಲಿ ಬಳ್ಳೊಳ್ಳಿ ಹಾಕಿ, ಖಂಡವನ್ನು ಸಣ್ಣ ಉರಿಯಲ್ಲಿ ಗರಿಗರಿ ಆಗುವವರೆಗೆ ಹುರಿದು, ಖಾರಪುಡಿ ಉದುರಿಸಿ. ಕೊನೆಗೆ ಅಡಿಕೆ ಗಾತ್ರದ ಎರಡು ತುಂಡು ಬೆಲ್ಲ, ಎರಡು ಚಮಚ ನೀರು. ಬೆಲ್ಲ ಕರಗಿ ಎಳೆಗಳಿಗೆ ಅಂಟಿದ ಕೂಡಲೇ ಇಳಿಸಿ, ತಡ ಮಾಡಿದರೆ ಕಹಿ. ಉಪ್ಪು ಮತ್ತೆ ಹಾಕಬೇಡಿ. ಬೆಲ್ಲ ನಮ್ಮ ಅತ್ತೆಯವರದು, ಎಷ್ಟು ನೆನೆಸಿದರೂ ಉಳಿಯುವ ಉಪ್ಪಿನ ಕಡಿತಕ್ಕೆ ಅವರು ಕಂಡುಕೊಂಡ ಉಪಾಯ.

ಅವತ್ತು ಹುರಿದ ಶೇಂಗಾ, ಹಸಿ ಉಳ್ಳಾಗಡ್ಡಿ ಜೊತೆ ಸಣ್ಣ ಪ್ಲೇಟಿನಲ್ಲಿ ಇಟ್ಟೆವು. ಒಬ್ಬರು ಮುಟ್ಟಲಿಲ್ಲ, ಚಹಾ ಅಷ್ಟೇ ಕುಡಿದರು. ಇನ್ನೊಬ್ಬರು ಒಂದು ಎಳೆ ಬಾಯಿಗೆ ಹಾಕಿ ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ, "ನಮ್ಮ ಅಮ್ಮ ಕೆಂಡದ ಮ್ಯಾಲ ಸುಡ್ತಿದ್ಲು ಬಾಯಿ" ಅಂದರು. ಇಷ್ಟು ವರ್ಷದ ಪರಿಚಯದಲ್ಲಿ ಅವರ ಅಮ್ಮನ ಮಾತು ನಾನು ಕೇಳಿದ್ದು ಅದೇ ಮೊದಲು. ಅತ್ತೆ ಪ್ಲೇಟು ಅವರ ಕಡೆ ಸರಿಸಿದರು.

ಶಾಲೆಯಲ್ಲಿ 'ನಮ್ಮ ಮನೆಯ ಅಡುಗೆ' ಅಂತ ಬರೆಯಲು ಕೊಟ್ಟರೆ ಮಕ್ಕಳೆಲ್ಲ ಹೋಳಿಗೆ ಅಂತಲೇ ಬರೆಯುತ್ತಾರೆ. ಹೋದ ವರ್ಷ ಐದನೇ ತರಗತಿಯ ಒಬ್ಬ ಹುಡುಗಿ 'ವಣಖಂಡ' ಅಂತ ಬರೆದು, ಪಟ್ಟಿಯನ್ನು ಕೈಯಿಂದ ಮುಚ್ಚಿಕೊಂಡೇ ತಂದಳು. 'ವ' ಹೊಡೆದು 'ಒ' ಮಾಡಿದೆ. ಹತ್ತಕ್ಕೆ ಒಂಬತ್ತು ಕೊಟ್ಟೆ.