ಗೆದ್ದೆ ಅನಕೊಂಡಿದ್ದೆ

ಮೊನ್ನಿ ರವಿವಾರ ಮಗ ಬ್ರೂಸ್ ಲೀದು ‘ಫಿಸ್ಟ್ ಆಫ್ ಫ್ಯೂರಿ’ ಹಚ್ಚಿದ್ದ. 1972ರ ಸಿನಿಮಾ. ನಾನೂ ಕೂತು ನೋಡಿದೆ ನೋಡ್ರಿ. ಶಾಂಘೈದಾಗ ಗುರುಗಳು ತೀರಿಕೊಂಡಿರ್ತಾರ. ಶಿಷ್ಯರು ದುಃಖದಾಗ ಇದ್ದಾಗನ, ಎದುರಾಳಿ ಜಪಾನಿ ಗರಡಿಯವರು ‘ಪೂರ್ವ ಏಷ್ಯಾದ ರೋಗಿಷ್ಟರು’ ಅಂತ ಬರೆದ ಫಲಕ ತಂದು ಕೊಡ್ತಾರ. ಹಿರಿಯ ಶಿಷ್ಯ ತಡಕೋ ಅಂತಾನ. ಚೆನ್ ಝೆನ್ ಕೇಳಂಗಿಲ್ಲ. ಒಬ್ಬನ ಹೋಗಿ ಎಲ್ಲಾರನೂ ಬಡದು, ಆ ಕಾಗದಾ ಅವರಿಗೇ ತಿನಿಸಿ ಬರ್ತಾನ. ಖರೇ ಹೇಳ್ತೀನಿ, ನಾನೂ ಚಪ್ಪಾಳಿ ತಟ್ಟಿದೆ.

ಆದ್ರ ಜಪಾನಿಯವರು ತಿರುಗಿ ಬಂದದ್ದು ಅಂವ ಇಲ್ಲದಾಗ. ಪೆಟ್ಟು ತಿಂದವರು ಗರಡ್ಯಾಗ ಉಳದವರು. ಕಡೀಕ ಗರಡಿ ಉಳಸಲಿಕ್ಕೆ ಅಂವ ತನ್ನ ಜೀವಾನ ಕೊಡಬೇಕಾತು.

ನನಗ ಸಣ್ಣ ನೆಗೆಣ್ಣಿ ನೆನಪಾದ್ಲು. ಅತ್ತಿಯವರ ತಿಥಿ ದಿನ ಆಕಿ ಒಂದು ಮಾತು ಅಂದ್ಲು, ನಾ ಹತ್ತು ಅಂದೆ. ಗೆದ್ದೆ ಅನಕೊಂಡಿದ್ದೆ. ಎರಡು ವರ್ಷ ಆತು, ನಮ್ಮ ಮಕ್ಕಳು ದೀಪಾವಳಿಗೂ ಕೂಡಿಲ್ಲ. ಪೆಟ್ಟು ಅವಕ್ಕ ಬಿತ್ತು.

ನಿನ್ನೆ ನಾನಾ ಫೋನ್ ಹಚ್ಚಿದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮ್ಯಾಲೆ, “ಅಕ್ಕಾ, ಶೇಂಗಾ ಹೋಳಿಗಿ ಮಾಡೇನಿ, ಹುಡುಗರನ್ನ ಕಳಸ್ರಿ” ಅಂದ್ಲು.