ಮಾರಿಕುಪ್ಪಂ ಲೈನಿನಲ್ಲಿ ಒಂದು ದಿನ

"ಹೋರಾಟ ಬಿಟ್ಟು ರೈಲು ನೋಡೋಕೆ ಹೋಗಿದ್ರಂತೆ?" ಅಂತ ಇಬ್ಬರು ಗೆಳೆಯರು ಫೋನ್ ಮಾಡಿ ನಕ್ಕರು. ಹೌದು, ಹೋಗಿದ್ವಿ. ಎರಡನೇ ಶನಿವಾರ, ನನಗೆ ಆಫೀಸಿಲ್ಲ. ಕಾಲೋನಿಯ ಮತ್ತು ಹಾಸ್ಟೆಲ್ಲಿನ ಮಕ್ಕಳು ಒಂಬತ್ತು ಜನ, ದೊಡ್ಡೋರು ನಾಲ್ಕು ಜನ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಸುಮಾರು 16 ಕಿಲೋಮೀಟರ್ ದಾರಿ. ಕೈಯಲ್ಲಿ ಬ್ಯಾನರ್ ಇಲ್ಲ, ಮನವಿ ಪತ್ರ ಇಲ್ಲ. ಒಂದು ಹಳೇ ಕ್ಯಾಮರಾ, ಐದಾರು ಮೊಬೈಲು, ಚಿತ್ರಾನ್ನದ ಡಬ್ಬಿ, ಅಷ್ಟೇ.

ರೈಲು ನೋಡೋದು, ಫೋಟೋ ತೆಗೆಯೋದು ಒಂದು ದೊಡ್ಡ ಹವ್ಯಾಸ. ಅದಕ್ಕೆ ಅಂತಲೇ ಗುಂಪು ಕಟ್ಟಿಕೊಂಡು ಊರೂರು ಸುತ್ತುವವರಿದ್ದಾರೆ. ಅವರ ಪ್ರೀತಿ ಬಗ್ಗೆ ನನಗೇನೂ ತಕರಾರಿಲ್ಲ. ಆದ್ರೆ ನಾನು ನೋಡಿದ ಅಂಥ ಫೋಟೋಗಳಲ್ಲಿ ಎಂಜಿನ್ ಇರುತ್ತೆ, ಸೇತುವೆ ಇರುತ್ತೆ, ಮಳೆಗಾಲದ ಹಸಿರು ಇರುತ್ತೆ. ಜನ ಮಾತ್ರ ಕಮ್ಮಿ.

ಈ ಲೈನನ್ನ ಜನರನ್ನ ಬಿಟ್ಟು ನೋಡೋಕೇ ಆಗಲ್ಲ. 1894ರಲ್ಲಿ ಇದನ್ನ ಹಾಕಿದ್ದು ಚಿನ್ನದ ಗಣಿಗೋಸ್ಕರ. ಗಣಿಗೆ ಇಳಿದವರು ಯಾರು? ಆರ್ಕಾಟು, ಚಿತ್ತೂರು ಕಡೆಯಿಂದ ಜಮೀನ್ದಾರರ ಕಾಟ ತಾಳಲಾರದೆ ಬಂದ ನಮ್ಮ ಜನವೇ ಹೆಚ್ಚು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಷ್ಟು ಆಳದ ಬಿಸಿಯಲ್ಲಿ ಬಂಡೆ ಒಡೆದವರ ಶ್ವಾಸಕೋಶದಲ್ಲಿ ಧೂಳು ಉಳೀತು, ಚಿನ್ನ ಬೇರೆಯವರ ಪಾಲಾಯ್ತು. 1954ರಲ್ಲಿ ಬಾಬಾಸಾಹೇಬರು ಈ ಊರಿಗೆ ಬಂದಿದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಸೈನೈಡ್ ಗುಡ್ಡಗಳಿವೆ, ಮತ್ತೆ ಈ ರೈಲಿದೆ. ಸಿನಿಮಾ ನೋಡಿದವರಿಗೆ ಕೆಜಿಎಫ್ ಅಂದ್ರೆ ಇನ್ನೇನೋ. ಇಲ್ಲಿರೋರಿಗೆ ಕೆಜಿಎಫ್ ಅಂದ್ರೆ ಬೆಳಗಾಗೋ ಮುಂಚೆ ಎದ್ದು ರೈಲು ಹಿಡಿದು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯೋಕೆ ಹೋಗಿ, ಕತ್ತಲಾದ ಮೇಲೆ ವಾಪಸ್ ಬರೋದು. ಮೊದಲು ಚಿನ್ನಕ್ಕಾಗಿ ಹಾಕಿದ ಹಳಿ ಈಗ ಕೂಲಿ ಸಾಗಿಸ್ತಿದೆ.

ಮಕ್ಕಳಿಗೆ ನಾನು ಹೇಳಿದ್ದು ಎರಡೇ ಮಾತು. ಹಳಿ ಮೇಲೆ ಇಳೀಬೇಡಿ. ನಿಮಗೆ ಏನು ಮುಖ್ಯ ಅನ್ಸುತ್ತೋ ಅದನ್ನ ತೆಗೀರಿ.

ಕೋರಮಂಡಲ್ ಹತ್ರ ಕೀಮನ್ ಒಬ್ಬರು ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿ ತಪಾಸಣೆ ಮಾಡ್ತಾ ಬಂದ್ರು. ಹುಡುಗನೊಬ್ಬ ಬೇಲಿ ಈಚೆಯಿಂದ ಅವರ ಫೋಟೋ ತೆಗೆದ. "ನಂದ್ಯಾಕಪ್ಪ? ಈಗ ರೈಲು ಬರುತ್ತೆ, ಅದನ್ನ ಹೊಡಿ" ಅಂದ್ರು. "ನೀವು ನೋಡಿದ್ಮೇಲೆ ತಾನೆ ಅಣ್ಣ ಅದು ಬರೋದು" ಅಂದ ಇವನು. ಅವರು ಟೋಪಿ ಸರಿ ಮಾಡ್ಕೊಂಡು ನಿಂತರು.

ಒಂದು ಸ್ಟೇಷನ್ನಿನಲ್ಲಿ ಒಬ್ಬ ಮನುಷ್ಯ ನಮ್ಮನ್ನ ಮೇಲಿಂದ ಕೆಳಗೆ ನೋಡಿ, "ಯಾವ ಕೇರಿಯವರು? ಕ್ಯಾಮರಾ ಯಾರದ್ದು?" ಅಂತ ವಿಚಾರಣೆ ಶುರು ಮಾಡಿದ. ಎಲ್ಲರ ಟಿಕೆಟ್ ತೋರಿಸಿದ್ವಿ. ಅವನು ಕೇಳಿದ್ದು ಟಿಕೆಟ್ ಅಲ್ಲ ಅಂತ ಮಕ್ಕಳಿಗೂ ಗೊತ್ತಾಯ್ತು. 1901ರಲ್ಲಿ ಬಾಲಕ ಭೀಮರಾವ್ ಒಳ್ಳೇ ಬಟ್ಟೆ ಹಾಕ್ಕೊಂಡು ಮಸೂರು ಸ್ಟೇಷನ್ನಿನಲ್ಲಿ ಇಳಿದಿದ್ದ. ಅಲ್ಲೀವರೆಗೆ ಚೆನ್ನಾಗಿ ಮಾತಾಡಿದ ಸ್ಟೇಷನ್ ಮಾಸ್ಟರ್ ಜಾತಿ ಕೇಳಿದ ತಕ್ಷಣ ಹಿಂದೆ ಸರಿದ. ಆ ಕತೆಯನ್ನ ಊಟದ ಹೊತ್ತಲ್ಲಿ ಹೇಳಿದೆ. ಹಳಿ ಮೇಲಿನ ಮಲ ಬಾಚಿದವರು ಯಾರು ಅಂತಾನೂ ಹೇಳಿದೆ. ಮಲ ಹೊರಿಸೋದನ್ನ ನಿಷೇಧಿಸಿ 2013ರಲ್ಲಿ ಹೊಸ ಕಾನೂನು ಬಂತು. ಆದ್ರೂ ಹಳಿ ಮೇಲಿನ ಈ ಕೆಲಸ ನಿಲ್ಲಿಸೋಕೆ ಕಾಲಮಿತಿ ಹಾಕ್ಕೊಳ್ಳಿ ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ರೈಲ್ವೆಗೆ ಹೇಳಬೇಕಾಯ್ತು.

ಸಂಜೆ ಊರ್ಗಾಂ ಸ್ಟೇಷನ್. ಬೆಂಗಳೂರಿನ ರೈಲು ಬಂತು. ನಮ್ಮ ಜೊತೆ ಇದ್ದ ಹುಡುಗಿಯೊಬ್ಬಳ ಅಮ್ಮ ಅದರಲ್ಲೇ ದಿನಾ ಹೋಗಿ ಬರೋದು, ಯಾವುದೋ ಕಂಪನಿಯಲ್ಲಿ ಹೌಸ್‌ಕೀಪಿಂಗ್. ಅಮ್ಮ ಇಳಿಯೋದನ್ನೇ ಫೋಟೋ ತೆಗೀಬೇಕು ಅಂತ ಅವಳು ಕಾಯ್ತಿದ್ಲು. ಮಗಳನ್ನ ಕಂಡ ತಾಯಿ ಬ್ಯಾಗು ಎದೆಗೊತ್ತಿಕೊಂಡು "ಎನ್ನಾಚ್ಚು? ಎನ್ನಾಚ್ಚು ಪಾಪಾ?" ಅಂತ ಓಡಿ ಬಂದ್ರು. ಮನೆಯವರು ಸ್ಟೇಷನ್ನಿಗೆ ಬಂದಿದ್ದಾರೆ ಅಂದ್ರೆ ಏನೋ ಕೆಟ್ಟದ್ದು ಆಗಿರಬೇಕು ಅನ್ನೋದೇ ಅವರಿಗೆ ಗೊತ್ತಿರೋ ಲೆಕ್ಕ. "ಏನೂ ಆಗಿಲ್ಲ, ಸುಮ್ನೆ ನೋಡೋಕೆ ಬಂದೆ" ಅಂತ ಮಗಳು ಎರಡು ಸಲ ಹೇಳಬೇಕಾಯ್ತು.

ಗೆಳೆಯರೇ, ನಕ್ಕವರಿಗೆ ನನ್ನ ಉತ್ತರ ಇದೇ. ನಮ್ಮ ಜನಕ್ಕೆ ಸುಮ್ನೆ ಬಂದು ನಿಂತು ನೋಡೋ ಹೊತ್ತು ಯಾರೂ ಕೊಟ್ಟಿಲ್ಲ. ಕೂಲಿ, ರಜೆ, ಪಿಂಚಣಿ ಅಂತ ಕೇಳೋ ಹಾಗೆ ಈ ಹೊತ್ತನ್ನೂ ಕೇಳಬೇಕು. ಕೊಡದಿದ್ರೆ ತಗೋಬೇಕು. ನಮ್ಮ ಮಕ್ಕಳು ಬರೀ ಬೇರೆಯವರ ಫೋಟೋದಲ್ಲಿ ಬಡವರಾಗಿ ನಿಲ್ಲೋದು ಸಾಕು, ಕ್ಯಾಮರಾ ಹಿಂದೆಯೂ ನಿಲ್ಲಲಿ.

ಫೋಟೋಗಳನ್ನ ಒಂದೊಂದಾಗಿ ಹಾಕ್ತೀನಿ. ಮೊದಲನೆಯದು ಕೀಮನ್ ಅಣ್ಣಂದು. ಮುಂದಿನ ಸಲ ಕೋಲಾರ–ಚಿಕ್ಕಬಳ್ಳಾಪುರ ಲೈನಿಗೆ ಹೋಗೋಣ ಅಂತಿದ್ದಾರೆ ಮಕ್ಕಳು. ಉಪಯೋಗಿಸದೆ ಬಿದ್ದಿರೋ ಕ್ಯಾಮರಾ ಯಾರ ಮನೆಯಲ್ಲಾದ್ರೂ ಇದ್ರೆ ತಿಳಿಸಿ, ಬಂದು ತಗೊಂಡು ಹೋಗ್ತೀವಿ.

ಜೈ ಭೀಮ್.